ಜೀಪಿನ ಮೂರನೆಯ ಸದ್ದು

ಗಾಡಿಗೆ ಏನಾಗಿದೆ ಎಂದು ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕೇಳಬಾರದು. ಜಮಖಂಡಿಯ ನನ್ನ ಗ್ಯಾರೇಜಿಗೆ ಹಿಪ್ಪರಗಿಯ ಕಾಕಾ, ಕಾಕೂ ತಮ್ಮ ಹಳೆಯ ಜೀಪು ತಂದಿದ್ದರು.

"ಮಿಸ್ತ್ರಿ, ತಿರುವಿನ್ಯಾಗ ಟಕ್ ಟಕ್ ಅಂತೈತಿ ನೋಡ್ರಿ," ಎಂದರು ಕಾಕಾ.

"ಟಕ್ ಟಕ್ ಎಲ್ಲೈತಿ? ಕಿರ್ರ್ ಅಂತೈತ್ರಿ. ಇವ್ರಿಗೆ ಕಿವಿ ಕೇಳೂದಿಲ್ಲ," ಎಂದರು ಕಾಕೂ. ಇದೇ ಜಗಳಕ್ಕೆ ಮನೆಯಲ್ಲಿ ಮಾತು ಬಿಟ್ಟು, ಜೀಪು ಮಾರುವ ತನಕ ಹೋಗಿದ್ದರು.

"ಒಂದು ಸುತ್ತು ಹೋಗಿ ಬರೂಣು ನಡೀರಿ," ಎಂದೆ. ಕಾಕಾ ಸ್ಟೇರಿಂಗ್ ಹಿಡಿದರು. ಅವರ ಪಕ್ಕದ ಸೀಟನ್ನು ಅವರು ಸಾಕಿದ ಮುಧೋಳ ನಾಯಿ ಗತ್ತಿನಿಂದ ಏರಿತು. ಕಾಕೂ ರೂಢಿಯಂತೆ ಹಿಂದೆ ಹತ್ತಿದರು, ನಾನೂ ಹತ್ತಿದೆ. ಮೊದಲ ತಗ್ಗಿನಲ್ಲೇ ನಮ್ಮ ಬುಡದಲ್ಲಿ ಕಿರ್ರ್ ಎಂದಿತು.

"ಕಾಕೂ, ನೀವು ಮುಂದ ಕುಂಡ್ರಿ. ನಾಯಿ ಹಿಂದ ಬರ್ಲಿ."

ಮುಂದಿನ ತಿರುವಿನಲ್ಲಿ ಕಾಕೂ ಕೂಗಿದರು, "ಅಯ್ಯ, ಟಕ್ ಟಕ್ ಖರೇನ ಐತಿ!"

ಮುಂದಿನ ಚಕ್ರದ ಜಾಯಿಂಟ್ ಸವೆದಿತ್ತು, ಹಿಂದಿನ ಸ್ಪ್ರಿಂಗ್ ಪಟ್ಟಿಯ ರಬ್ಬರ್ ಬುಶ್ ಹೋಗಿತ್ತು. ಇಬ್ಬರೂ ತಮ್ಮ ತಮ್ಮ ಸೀಟಿನ ಸತ್ಯವನ್ನೇ ಹೇಳಿದ್ದರು.

ಎರಡನ್ನೂ ರಿಪೇರಿ ಮಾಡಿದೆ. ಕಾಕೂ ಮಾತ್ರ ಮುಂದಿನ ಸೀಟು ಬಿಡಲಿಲ್ಲ, ಕಾಕಾನೂ ಬಿಡಿಸಲಿಲ್ಲ. ಇಬ್ಬರೂ ಮಾತಾಡುತ್ತ ಹೊರಟರು. ಜೀಪು ತಿರುವು ದಾಟುವವರೆಗೂ ಹಿಂದಿನ ಸೀಟಿನಿಂದ ನಾಯಿ ಊಳಿಡುವುದು ಕೇಳುತ್ತಲೇ ಇತ್ತು. ಆ ಸದ್ದಿಗೆ ನನ್ನ ಸಲಕರಣೆ ಪೆಟ್ಟಿಗೆಯಲ್ಲಿ ಯಾವ ಪಾನಾನೂ ಇರಲಿಲ್ಲ.