ಸೀತೆಗೊಂದು ನಾರುಮಡಿ

ನನಗಾಗ ಅರವತ್ತಾರು, ಆರು ವರ್ಷದ ಹಿಂದಿನ ಮಾತು. ಕ್ಯಾಲನೂರಿನ ಹತ್ತಿರದ ನಮ್ಮೂರಿನಲ್ಲಿ ಡೇರಿಗೆ ಹಾಲು ಹಾಕುವ ಹೆಂಗಸರೆಲ್ಲ ಸೇರಿ ರಾಮಾಯಣದ ನಾಟಕ ಕಟ್ಟಿದರು. ಸೀತೆಯ ಪಾರ್ಟು ನನ್ನ ಸೊಸೆ ಮಂಜುಳನದು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಬೇಡ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಕಾಡಿಗೆ ಹೊರಟ ಸೀತೆಗೆ ನಾರುಮಡಿ ಬೇಕು ಎಂದರು, ಮುಳಬಾಗಿಲಿನಿಂದ ಬರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ನನ್ನ ಓದು ಬಸ್ಸಿನ ಬೋರ್ಡಿನಷ್ಟು. ಹಾಗಂದರೇನು ಎಂದು ಕೇಳಿದೆ. ಕೇಳಬಾರದಿತ್ತು. ಅರ್ಧ ಗಂಟೆ ಕೊರೆದರು. ಹಳೇ ಕಾವ್ಯದ ಮಾತಂತೆ. ಮಡಿ ಎಂದರೆ ಬಟ್ಟೆ. ಮಡಿವಾಳ ಎನ್ನುವುದರಲ್ಲಿ ಇರುವುದೂ ಅದೇ ಮಡಿಯಂತೆ. ನಾರು ಎಂದರೆ ಮರದ ತೊಗಟೆಯದು. ಸಂಸ್ಕೃತದಲ್ಲಿ ಅದಕ್ಕೆ ವಲ್ಕಲ ಅಂತಾರಂತೆ. ಯಾವ ಮರದ್ದು, ಎಷ್ಟು ದಿನ ನೆನೆಹಾಕಬೇಕು, ಬಡಿಯುವವರು ಯಾರು ಎಂದೆ. ಅದು ಯಾವ ಕಾವ್ಯದಲ್ಲೂ ಇಲ್ಲವಂತೆ. ಇಷ್ಟೆಲ್ಲ ಹೇಳಿ ಚೀಲದಿಂದ ತೆಗೆದದ್ದೇನು, ನೀವೇ ಊಹಿಸಿ: ಮಿಣಮಿಣ ಮಿಂಚುವ ಕಾವಿ ನೈಲಾನ್ ಸೀರೆ.

ನನಗೆ ರೇಗಿತು. ಹಗ್ಗ ಹೊಸೆದು ಬಾಳಿದವಳು ನಾನು. ನಾರು ಎಂದಮೇಲೆ ನಾರೇ ಆಗಬೇಕು. ಬೇಲಿಯ ಕತ್ತಾಳೆ ಕೊಯ್ದು, ತೊಟ್ಟಿಯಲ್ಲಿ ನೆನೆಹಾಕಿ, ಬಡಿದು, ಒಣಗಿಸಿ ಹೆಣೆದೆ. ಇಪ್ಪತ್ತು ದಿನ ಹಿಡಿಯಿತು. ಆದದ್ದು ಬಟ್ಟೆಯೋ ಚಾಪೆಯೋ ಎಂದು ನನಗೇ ಅನುಮಾನವಿತ್ತು, ಬಾಯಿ ಬಿಡಲಿಲ್ಲ. ಮಂಜುಳ ಮುಟ್ಟಿನೋಡಿ ಚುಚ್ಚುತ್ತದೆ ಎಂದಳು. ಕಾಡಿಗೆ ಹೋಗುವವಳಿಗೆ ಚುಚ್ಚದೆ ಇನ್ನೇನು ಎಂದು ಬಾಯಿ ಮುಚ್ಚಿಸಿದೆ.

ಭಾನುವಾರ ಮಧ್ಯಾಹ್ನ ನಾಟಕ. ಕೈಕೇಯಿಯಾದ ಪಕ್ಕದಮನೆ ನಾರಾಯಣಮ್ಮ ನಾರುಮಡಿ ಕೊಟ್ಟಳು, ಇವಳು ಸುತ್ತಿಕೊಂಡಳು. ಎರಡು ಸಾಲು ಹಾಡುವುದರಲ್ಲಿ ಕತ್ತು ಕೆಂಪಗೆ ಊದಿತು. ಕೆರೆದುಕೊಂಡಳು, ಮಾತು ಮರೆತಳು. ಮೇಷ್ಟ್ರು ಅದೇ ಸ್ವರವನ್ನು ಮೂರು ಸಲ ಒತ್ತಿದರು. ಮುಂದೆ ಕೂತಿದ್ದವನೊಬ್ಬ, "ಸೀತಮ್ಮಂಗೆ ಕಜ್ಜಿ ಕಣ್ರೋ" ಅಂದ. ಊರೇ ನಕ್ಕಿತು. ಅವಳ ಕಣ್ಣು ತುಂಬಿದ್ದನ್ನು ನೋಡಿದೆ. ಇನ್ನು ಇಳಿದು ಓಡಿಹೋಗುತ್ತಾಳೆ, ಮತ್ತೆಂದೂ ಹತ್ತುವುದಿಲ್ಲ ಅಂದುಕೊಂಡೆ.

ಇಳಿಯಲಿಲ್ಲ. ಕೈಕೇಯಿಯನ್ನು ದಾಟಿ ನೇರ ನನ್ನನ್ನೇ ನೋಡಿದಳು.

"ಅತ್ತೆ, ನೀವ್ ಕೊಟ್ಟಿದ್ದನ್ನ ಬೇಡ ಅನ್ನಲ್ಲ, ಉಟ್ಕೊಂಡೇ ಹೋಗ್ತೀನಿ. ನೀವೂ ಒಂದ್ಸಲ ಉಟ್ಟು ನೋಡಿ."

ಆ ಮಾತು ಮೇಷ್ಟ್ರು ಬರೆದದ್ದಲ್ಲ. ನಗುತ್ತಿದ್ದವರೇ ಚಪ್ಪಾಳೆ ತಟ್ಟಿದರು. ಮಂಜುಳ ಊದಿದ ಕತ್ತಿನಲ್ಲೇ ಹಾಡು ಮುಗಿಸಿದಳು.

ತೊಗಟೆಯನ್ನು ಮೈಗೆ ಒಗ್ಗುವಂತೆ ಬಡಿದವಳು ಆ ಕಾಲದಲ್ಲಿ ಯಾವಳೋ ಇದ್ದಿರಲೇಬೇಕು. ಕಾವ್ಯ ಬರೆದವರು ಅವಳನ್ನು ಒಂದು ಮಾತು ಕೇಳಿ ಬರೆದಿಟ್ಟಿದ್ದರೆ ನನ್ನ ಸೊಸೆಯ ಕತ್ತು ಉಳಿಯುತ್ತಿತ್ತು. ಹಾಗಂತ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟುವುದಕ್ಕೂ ಆಗುವುದಿಲ್ಲ. ಚುಚ್ಚುತ್ತದೆ ಎಂದವಳ ಮಾತು ನಾನೂ ಕೇಳಲಿಲ್ಲವಲ್ಲ.

ಮರುದಿನ ಬೆಳಗ್ಗೆ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು, ಆ ನಾರುಮಡಿ ಉಟ್ಟು, ಎರಡು ಹಸುವಿನ ಹಾಲು ಕರೆದೆ.