ಎಲ್ಲರೂ ಮನೆಗೇ ಬಂದ ಶ್ರಾವಣ ಸೋಮವಾರ

ತುಮಕೂರು ಶೆಟ್ಟಿಹಳ್ಳಿಯ ಶಾಂತಮ್ಮ ಭಕ್ತಬಾಂಧವರೆಲ್ಲರಿಗೂ ಮಾಡುವ ಶರಣು. ನನ್ನ ಮಗ ರೇಣುಕಪ್ರಸಾದನಿಗೆ ಮೂವತ್ಮೂರು ತುಂಬಿದರೂ ಹೆಣ್ಣು ಸಿಕ್ಕಿರಲಿಲ್ಲ. ಅವನ ತಂಗಿ ಸುಧಾಳನ್ನು ಬೆಳ್ಳಾವಿಗೆ ಕೊಟ್ಟು, ಅವಳಿಗೆ ಮಗುವಾಗಿ, ಆ ಮಗು “ಮಾವನ ಮದ್ವೆ ಯಾವಾಗಜ್ಜಿ” ಎಂದು ಕೇಳುವಷ್ಟು ದೊಡ್ಡದಾಗಿತ್ತು. ಎರಡು ಸಾವಿರದ ಆರನೇ ಇಸವಿಯ ಮಾತಿದು. ಗುಬ್ಬಿ ಕಡೆಯ ನಮ್ಮ ಮನೆದೇವರು ವೀರಭದ್ರಸ್ವಾಮಿ ನನ್ನ ಮೊರೆಯನ್ನು ಹೇಗೆ ಕೇಳಿಸಿಕೊಂಡ ಎನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಡುವೆ ಕಂಪ್ಯೂಟರಿನ ವಿಷಯ ಬರುತ್ತದೆ, ಹೆದರಬೇಡಿ. ನನಗೇ ಅರ್ಥವಾಗಿದೆ, ನಿಮಗೆ ಆಗದೇ ಇರುತ್ತದೆಯೇ.

ಹುಡುಗ ಲಕ್ಷಣವಾಗಿದ್ದಾನೆ. ಊರಿನ ಕಂಪ್ಯೂಟರ್ ಸೆಂಟರೊಂದರಲ್ಲಿ ವೆಬ್‌ಸೈಟು ಮಾಡುವ ಕೆಲಸ. ಬೀಡಿಯಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಕೊರತೆ, ಮಾತು ತೊದಲುತ್ತಿತ್ತು. ಚಿಕ್ಕಂದಿನಲ್ಲಿ ಬಜೆ ತೇಯ್ದು ನಾಲಿಗೆಗೆ ಸವರಿದೆ. ಆಸ್ಪತ್ರೆಗೂ ಕರೆದುಕೊಂಡು ಹೋದೆ. ಡಾಕ್ಟರು ಅವನ ಹೆಸರು ಕೇಳಿದರು, ಅವನು ಬಾಯಿ ತೆರೆಯುವುದರೊಳಗೆ ನಾನು ಹೇಳಿದೆ. ಓದುತ್ತಿರುವ ಕ್ಲಾಸು ಕೇಳಿದರು, ಅದನ್ನೂ ನಾನೇ ಹೇಳಿದೆ. “ಅಮ್ಮ, ಪೇಷೆಂಟ್ ಯಾರು, ನೀವಾ?” ಎಂದರು. ಬಲು ಕೊಬ್ಬಿನ ಡಾಕ್ಟರು. ಮಗ ಒದ್ದಾಡುವುದನ್ನು ನೋಡಿಕೊಂಡು ಹೆತ್ತವಳು ಸುಮ್ಮನೆ ಕೂರುತ್ತಾಳೆಯೇ?

ಹೆಣ್ಣು ನೋಡಲು ಹೋದಲ್ಲೂ ಅವನಿಗೆ ಕೇಳಿದ ಪ್ರಶ್ನೆಗೆಲ್ಲ ನಾನೇ ಉತ್ತರ ಕೊಡುತ್ತಿದ್ದೆ. ಕೊತ್ತಗೆರೆಯಲ್ಲಿ ಒಂದು ಹುಡುಗಿ ನನ್ನ ಮುಖವನ್ನೇ ನೋಡಿ, “ಇವ್ರಿಗೆ ಮಾತು ಬರಲ್ವಾ?” ಎಂದು ಕೇಳಿಬಿಟ್ಟಳು. ಅಲ್ಲಿ ಮಾತ್ರವಲ್ಲ, ಎಲ್ಲಿ ಹೋದರೂ ನಾವು ಅವರ ಉಪ್ಪಿಟ್ಟು ತಿಂದು ಮನೆಗೆ ಬರುವುದರೊಳಗೆ ಜಾತಕ ಕೂಡುವುದಿಲ್ಲ ಎಂದು ಸುದ್ದಿ ಬರುತ್ತಿತ್ತು. ಕಡೆಗೊಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ರೇಣು ನನ್ನ ಕೈ ಹಿಡಿದು, “ಇನ್ನು ಸಾಕಮ್ಮ” ಎಂದ. ಆ ಎರಡು ಮಾತು ಮಾತ್ರ ಒಂದಿಷ್ಟೂ ತೊದಲದೆ ಬಂತು.

ಮಾರನೆಯ ದಿನವೇ ಗುಬ್ಬಿ ಬಸ್ಸು ಹತ್ತಿ ಸ್ವಾಮಿಯ ಹತ್ತಿರ ಹೋಗಿ ಹೂ ಕೇಳಿದೆ. “ಸ್ವಾಮಿ, ನಾವು ಹೋಗಿ ಹೋಗಿ ಸವೆದದ್ದು ಸಾಕು. ಹೆಣ್ಣಿನ ಕಡೆಯವರೇ ತಾವಾಗಿ ನಮ್ಮ ಮನೆಗೆ ಬರುವ ಹಾಗೆ ಮಾಡು” ಎಂದು ಬೇಡಿಕೊಂಡೆ. ಸ್ವಲ್ಪ ಹೊತ್ತಿಗೆ ಸ್ವಾಮಿಯ ಬಲಭುಜದ ಮೇಲಿನ ಹೂ ಜಾರಿ ಬಿತ್ತು. “ಬಲಕ್ಕೆ ಕೊಟ್ಟವ್ನೆ ಕಣಮ್ಮ. ಸೀದಾ ಮನೆಗೆ ಹೋಗು, ಎಲ್ಲೂ ಕೂರ್ಬ್ಯಾಡ” ಎಂದರು ಪೂಜಾರರು. ಬಸ್ಸಿನಲ್ಲಿ ಸೀಟೇ ಸಿಗದಿದ್ದುದರಿಂದ ಅವರ ಮಾತನ್ನು ಅಕ್ಷರಶಃ ಪಾಲಿಸಿದೆ.

ಅದೇ ಹೊತ್ತಿಗೆ ನಮ್ಮ ಸಮಾಜದವರು ವಧೂವರರ ವೆಬ್‌ಸೈಟು ಮಾಡಿಸಲು ಹೊರಟು ಆ ಕೆಲಸವನ್ನು ರೇಣುವಿಗೇ ಕೊಟ್ಟರು. ಕೇಳಿದ್ದೇನು, ಕೊಟ್ಟದ್ದೇನು? ಊರಿಗೆಲ್ಲ ಮದುವೆ ಮಾಡಿಸುವ ಕೆಲಸ ನನ್ನ ಮಗನ ತಲೆಗೇ ಬಂತಲ್ಲ ಎಂದು ಸ್ವಾಮಿಯ ಮೇಲೆ ಸಿಟ್ಟು ಬಂತು. ಎರಡು ದಿನ ದೇವರಿಗೆ ದೀಪ ಹಚ್ಚಿದೆನೇ ಹೊರತು ಮಾತಾಡಿಸಲಿಲ್ಲ.

ಈ ವೆಬ್‌ಸೈಟಿಗೆ ಲಾಗಿನ್ ಎನ್ನುವುದೊಂದಿರುತ್ತದೆ. ಮದುವೆ ಛತ್ರದ ಬಾಗಿಲು ಎಂದುಕೊಳ್ಳಿ. ಹೆಸರು, ಪಾಸ್‌ವರ್ಡು ಹೇಳಿದರೆ ಒಳಗೆ ಬಿಡುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಛತ್ರದಲ್ಲಿ ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಎಂದು ವಿಚಾರಿಸಿ ಅವರವರ ಜಾಗಕ್ಕೆ ಕಳಿಸುವುದಿಲ್ಲವೇ, ಹಾಗೆಯೇ ಇಲ್ಲೂ ಒಳಗೆ ಬಂದವರನ್ನು ಕಳಿಸಬೇಕು. ಹೆಣ್ಣಿನ ಕಡೆಯವರು ಗಂಡುಗಳ ಪುಟಕ್ಕೆ, ಗಂಡಿನ ಕಡೆಯವರು ಹೆಣ್ಣುಗಳ ಪುಟಕ್ಕೆ.

ರೇಣುವಿಗೆ ತೊಡಕಾದದ್ದು ಇಲ್ಲೇ. ಹೆಸರು, ಪಾಸ್‌ವರ್ಡು ಹಾಕಿದರೆ ಒಳಗೆ ಬಿಡದೆ, ತಿರುಗಿ ಅದೇ ಬಾಗಿಲಿಗೆ ತಂದು ನಿಲ್ಲಿಸಿ ಮತ್ತೆ ಹೆಸರು ಕೇಳುತ್ತಿತ್ತು. ಊಟ ತಿಂಡಿ ಬಿಟ್ಟು ಮನೆಯ ಕಂಪ್ಯೂಟರಿನ ಮುಂದೆ ಕೂತ. ಕೊನೆಗೆ, ಗಂಡು ಹೆಣ್ಣಿನ ವಿಚಾರಣೆ ಆಮೇಲಾಗಲಿ, ಮೊದಲು ಬಾಗಿಲು ತೆರೆಯುತ್ತದೋ ನೋಡೋಣ ಎಂದು, ಯಾರೇ ಲಾಗಿನ್ ಆದರೂ ಒಂದೇ ಪುಟಕ್ಕೆ ಹೋಗುವ ಹಾಗೆ ಬರೆದ. ಆ ಪುಟಕ್ಕೆ ತನ್ನದೇ ಫೋಟೋ, ವಿಳಾಸ, ಫೋನ್ ನಂಬರು ಹಾಕಿ, ‘ಮನೆ’ ಎಂದು ಹೆಸರಿಟ್ಟ. ಪರೀಕ್ಷೆಗೆ ತಾನೇ, ಯಾರು ನೋಡುತ್ತಾರೆ ಎಂದು. ಬಾಗಿಲು ತೆರೆಯಿತು. ಆ ಸಂತೋಷದಲ್ಲಿ ‘ಮನೆ’ಯನ್ನು ತೆಗೆದು ಗಂಡು ಹೆಣ್ಣಿನ ಪುಟಗಳನ್ನು ಜೋಡಿಸುವುದು ಮರೆತೇ ಹೋಯಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಶ್ರಾವಣ ಸೋಮವಾರ ಬೆಳಗ್ಗೆ ಸಮಾಜದ ಹಾಲಿನಲ್ಲಿ ದೀಪ ಹಚ್ಚಿ ವೆಬ್‌ಸೈಟಿನ ಉದ್ಘಾಟನೆಯಾಯಿತು. ನಾನು ಪೂಜೆ ಮುಗಿಸಿ ಏಳುವಷ್ಟರಲ್ಲಿ ರೇಣುವಿನ ಫೋನು.

“ಅಮ್ಮ, ಲಾ... ಲಾಗಿನ್ ಆದೋರೆಲ್ಲ ಮ... ಮ...”

“ಮನೆಗಾ?”

“ಹೂಂ, ಮನೆಗೇ ಬರ್ತಾವ್ರೆ. ಎ... ಎಲ್ರೂ. ನಿ... ನಿಲ್ಸಕ್ಕೆ...”

“ನಿಲ್ಸೋದ್ಯಾಕ್ಲಾ, ಬರ್ಲಿ ಬುಡು. ನಾನಿಲ್ವಾ,” ಎಂದು ಫೋನಿಟ್ಟೆ.

ಸಮಾಜದವರೆಂದರೆ ಒಬ್ಬರೇ ಇಬ್ಬರೇ? ನಮ್ಮ ಯಜಮಾನರನ್ನು ರವೆ ತರಲು ಓಡಿಸಿ, ಪಕ್ಕದ ಮನೆಯ ದೊಡ್ಡ ಬಾಣಲೆ ತಂದು ಕೇಸರಿಬಾತಿಗೆ ಇಟ್ಟೆ. ಹಜಾರದಲ್ಲಿ ಜಮಖಾನ ಹಾಸಿದೆ. ಬಾಗಿಲಿಗೆ ಮಾವಿನೆಲೆಯನ್ನೂ ಕಟ್ಟಿಸಿದೆ. ಇಷ್ಟಾಗುವಾಗ ರೇಣು ಬೆವರು ಸುರಿಸಿಕೊಂಡು ಬಂದ. ಬಾಣಲೆ ನೋಡಿದ, ನನ್ನನ್ನು ನೋಡಿದ.

“ಅ... ಅದು ಈ ಮನೆ ಅಲ್ಲಮ್ಮ.”

“ಮತ್ಯಾವ ಮನೆ ಕಟ್ಸಿದೀಯಪ್ಪ ನೀನು?”

ಅವನು ತಲೆಯ ಮೇಲೆ ಕೈ ಹೊತ್ತು ವಿಷಯ ಹೇಳಿದ. ಕೇಳಿಸಿಕೊಳ್ಳುವುದರೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಮೊದಲನೆಯವರು ಗುಬ್ಬಿಯವರು. “ಏನ್ರೀ, ನಮ್ಮ ಹುಡುಗನ್ಗೆ ಹೆಣ್ಣು ನೋಡಾಣ ಅಂತ ಹೋದ್ರೆ ನಿಮ್ಮ ಹುಡುಗ ಹಲ್ಲು ಕಿರ್ಕಂಡು ಕೂತವ್ನಲ್ರೀ?” ಎಂದರು. “ಅವ್ನು ನಗೋದೇ ಹಂಗೆ ಕಣ್ರೀ. ನಿಮ್ಮ ಮನೇಲಿ ಹೆಣ್ಮಕ್ಳು ಇದ್ರೆ ಹೇಳಿ,” ಎಂದೆ. ಟಪ್ಪನೆ ಇಟ್ಟರು. ಇಟ್ಟ ಕೂಡಲೇ ಇನ್ನೊಂದು. ಆ ಕಾಲಕ್ಕೆ ನಮ್ಮ ಮನೆಗೆ ಇಂಟರ್ನೆಟ್ಟು ಬರುತ್ತಿದ್ದುದೂ ಅದೇ ಫೋನಿನ ತಂತಿಯಲ್ಲಿ. ನಾನು ಮಾತಾಡುತ್ತಿದ್ದರೆ ಅವನಿಗೆ ಸರಿಪಡಿಸಲು ಆಗುವುದಿಲ್ಲ. “ಫೋ... ಫೋನಿಡಮ್ಮ,” ಎಂದು ಅವನು ಕೈಮುಗಿಯುತ್ತಾನೆ, “ಇರ್ಲಾ, ಯಾರೋ ದೊಡ್ಡೋರು ಮಾತಾಡ್ತಾವ್ರೆ,” ಎಂದು ನಾನು.

ಕಡೆಗೆ ಮಾತಾಡಿದವರು ಸಮಾಜದ ಸೆಕ್ರೆಟರಿ. “ಏನಮ್ಮ, ಮಗನ ಮದ್ವೆಗೆ ಇಡೀ ಸಮಾಜದ ಸೈಟ್‌ನೇ ಬಳಸ್ಕಂಡ್ರಾ? ಈ ಜನ್ಮದಲ್ಲಿ ಅವನ್ಗೆ ಯಾರು ಹೆಣ್ಣು ಕೊಡ್ತಾರೋ ನಾನೂ ನೋಡ್ತೀನಿ,” ಎಂದು ಕೂಗಾಡಿದರು. ಅದು ರೇಣುವಿಗೂ ಕೇಳಿಸಿತು. ಅವನು ಎದ್ದು ಗೋಡೆಯ ಕಡೆ ತಿರುಗಿ ಕೂತ. ನಾನು ದೇವರ ಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಬಲಕ್ಕೆ ಹೂ ಕೊಟ್ಟು ನನ್ನ ಮಗನ ಮಾನ ಹೀಗೆ ಬೀದಿಗೆ ಹಾಕಿದೆಯಲ್ಲಪ್ಪ ಎಂದು ಸ್ವಾಮಿಯನ್ನು ಬಾಯಿಗೆ ಬಂದ ಹಾಗೆ ಬೈದೆ.

ಮಧ್ಯಾಹ್ನ ಕಳೆದಿರಬೇಕು, ಬಾಗಿಲಲ್ಲಿ ಆಟೋ ನಿಂತಿತು. ದಿನಸಿ ಅಂಗಡಿಯವರಂತೆ ಕಾಣುವ ಹಿರಿಯರೊಬ್ಬರು, ಹಿಂದೆ ಮುಖ ಗಂಟಿಕ್ಕಿಕೊಂಡ ಒಬ್ಬ ಹುಡುಗಿ.

“ನಾವು ಕುಣಿಗಲ್‌ನೋರು,” ಎಂದರು ಅವರು. “ಇವ್ಳು ನನ್ನ ಮಗ್ಳು ಕಾತ್ಯಾಯಿನಿ, ಅಲ್ಲಿ ಸೈಬರ್ ಸೆಂಟರ್ ಇಟ್ಟವ್ಳೆ.”

“ಬೆಳಗ್ಗಿಂದ ನಮ್ಮ ಸೆಂಟರ್‌ನಲ್ಲಿ ಯಾರು ಲಾಗಿನ್ ಆದ್ರೂ ಇವರದೇ ಮುಖ,” ಎಂದು ಆ ಹುಡುಗಿ ರೇಣುವಿನ ಕಡೆ ಬೆರಳು ತೋರಿಸಿದಳು. “ನನ್ನ ಕಂಪ್ಯೂಟರೇ ಕೆಟ್ಟೋಗಿದೆ ಅಂತ ಜನ ಬೈದು ಎದ್ದೋಗ್ತಿದಾರೆ. ಫೋನ್ ಮಾಡಿದ್ರೆ ಎಂಗೇಜು. ಅಡ್ರೆಸ್ ಅಂತೂ ಬಾಯಿಪಾಠ ಆಗೋಗಿತ್ತು, ಬಸ್ ಹತ್ತಿದ್ವಿ.”

ಜಗಳಕ್ಕೆ ಬಂದವರಾದರೂ ಮನೆಗೆ ಬಂದವರು. ತಟ್ಟೆಯಲ್ಲಿ ಕೇಸರಿಬಾತು ಕೊಟ್ಟೆ. ಅಪ್ಪ ಮೆತ್ತಗಾದರು. ಹುಡುಗಿ ತಟ್ಟೆ ಪಕ್ಕಕ್ಕಿಟ್ಟು, “ಏನಾಗಿದೆ ಸೈಟಿಗೆ?” ಎಂದು ರೇಣುವನ್ನು ಕೇಳಿದಳು.

“ಅ... ಅದು...” ಎಂದ.

“ಅದೇನಿಲ್ಲಮ್ಮ, ಛತ್ರದ ಬಾಗ್ಲು ಅಂತ ತಿಳ್ಕೊ...” ಎಂದು ನಾನು ಶುರು ಮಾಡಿದೆ.

“ಅಮ್ಮ, ತಪ್ಪು ತಿಳ್ಕೋಬೇಡಿ, ಅವರೇ ಹೇಳ್ಲಿ. ಅವರ ಪುಟದಲ್ಲಿ ಹಂಗೇ ಬರ್ಕಂಡಿದಾರೆ. ‘ನನಗೆ ಮಾತು ತೊದಲುತ್ತದೆ, ಕಾದರೆ ಹೇಳಿ ಮುಗಿಸುತ್ತೇನೆ, ನಮ್ಮಮ್ಮ ಕಾಯುವುದಿಲ್ಲ’ ಅಂತ.”

ಊರಿನವರೆಲ್ಲ ಬೆಳಗ್ಗೆಯಿಂದ ಇದನ್ನು ಓದುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು. ಹುಡುಗಿಯ ಅಪ್ಪ ನಕ್ಕು ಕೇಸರಿಬಾತು ನೆತ್ತಿಗೇರಿಸಿಕೊಂಡರು. “ಅಲ್ಲಮ್ಮ, ಅವ್ನು ಹೇಳೋ ಅಷ್ಟ್ರಲ್ಲಿ ನಿಮ್ಮ ಬಸ್ ಹೋಗ್ತದೆ,” ಎಂದೆ.

“ಹೋಗ್ಲಿ. ನಮ್ಮ ಸೆಂಟರ್‌ನಲ್ಲಿ ನೆಟ್ಟು ಇದಕ್ಕಿಂತ ನಿಧಾನ. ನನಗೆ ಕಾದು ಅಭ್ಯಾಸ.”

ರೇಣು ಹೇಳಿದ. ಎಷ್ಟೋ ಹೊತ್ತು ಹಿಡಿಯಿತು, ಆದರೆ ಮೊದಲಿನಿಂದ ಕೊನೆಯವರೆಗೆ ಅವನೇ ಹೇಳಿದ. ನಾನು ನನ್ನ ಸೆರಗನ್ನು ಹಿಂಡುತ್ತಾ ಕೂತಿದ್ದೆ. ಅವಳು ಎದ್ದು ಬಂದು ಫೋನಿನ ತಂತಿಯನ್ನು ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿದಳು. ಇಬ್ಬರೂ ಕೂತು ಹೆಣ್ಣಿನ ಕಡೆಯವರನ್ನು ಗಂಡುಗಳ ಪುಟಕ್ಕೂ ಗಂಡಿನ ಕಡೆಯವರನ್ನು ಹೆಣ್ಣುಗಳ ಪುಟಕ್ಕೂ ದಾರಿ ಮಾಡಿದರು. ನಾನು ಕಾಫಿ ತರುವ ಹೊತ್ತಿಗೆ ‘ಮನೆ’ ಒಂದು ಉಳಿದಿತ್ತು.

“ಇ... ಇದನ್ನ ಅಳಿಸ್ಬಿಡ್ಲಾ?” ಎಂದು ರೇಣು ಕೇಳಿದ.

“ಅಳಿಸ್ಬಿಡಿ,” ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. “ಇನ್ನು ಯಾರೂ ನೋಡೋದು ಬೇಡ.”

ಕಾಫಿ ಲೋಟವನ್ನು ಅಲ್ಲೇ ನೆಲಕ್ಕಿಟ್ಟೆ. ಅವಳ ಅಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. “ಜಾತಕ ಏನಾದ್ರೂ...” ಎಂದರು. “ಜಾತಕ ಒಲೆಗೆ ಹಾಕಿ,” ಎಂದೆ.

ಈಗ ನೀವೇ ಹೇಳಿ, ಇದು ಮಗನ ಮರೆವೋ ಸ್ವಾಮಿಯ ಮಹಿಮೆಯೋ? ರೇಣು ಮರೆವು ಎನ್ನುತ್ತಾನೆ. ಮರೆಸಿದವರು ಯಾರು ಎಂದು ನಾನು ಕೇಳುತ್ತೇನೆ. ಆವತ್ತು ಕೂಗಾಡಿದ ಸೆಕ್ರೆಟರಿಯವರು, ವೆಬ್‌ಸೈಟಿನಿಂದ ಆದ ಮೊದಲನೆಯ ಮದುವೆ ಎಂದು ಈಗಲೂ ಸಭೆಯಲ್ಲಿ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ ಪಾಪ. ಯಾರ ಮನೆಯಲ್ಲಿ ಮಕ್ಕಳ ಮದುವೆ ತಡವಾಗಿದೆಯೋ ಅವರು ಧೈರ್ಯಗೆಡಬೇಡಿ, ಬೇಕಾದರೆ ನನ್ನ ಹಾಗೆ ದೇವರನ್ನು ಬೈಯಿರಿ, ಆದರೆ ಬಿಡಬೇಡಿ.

ಮಾಘದಲ್ಲಿ ಸ್ವಾಮಿಯ ಸನ್ನಿಧಿಯಲ್ಲೇ ಧಾರೆಯಾಯಿತು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಸುಧಾ ಶಾಸ್ತ್ರದ ಪ್ರಕಾರ ಬಾಗಿಲಿಗೆ ಅಡ್ಡ ನಿಂತು, “ಹೆಂಡ್ತಿ ಹೆಸ್ರು ಹೇಳಣ್ಣ, ಆಮೇಲೆ ಒಳಕ್ಕೆ,” ಎಂದಳು. ಹೇಳಿದ ಮೇಲೆ ಅವಳಿಗೆ ಹೊಳೆಯಿತು, ಮುಖ ಕಪ್ಪಿಟ್ಟಿತು. ಅಂಗಳದ ತುಂಬ ಜನ. “ಕಾ...” ಎಂದ ರೇಣು. “ಕಾ... ಕಾ...” ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಬಾಯಿ ತೆರೆದೇ ಬಿಟ್ಟಿತ್ತು, ಸೊಸೆ ಒಂದು ಸಲ ನನ್ನ ಕಡೆ ನೋಡಿದಳು, ಮುಚ್ಚಿಕೊಂಡೆ. ಅವಳು ಅವನ ಕೈ ಹಿಡಿದುಕೊಂಡು, ಸಂಜೆಯವರೆಗೆ ನಿಂತರೂ ಪರವಾಗಿಲ್ಲ ಎನ್ನುವ ಹಾಗೆ ನಿಂತಿದ್ದಳು.

“ಕಾತ್ಯಾಯಿನಿ,” ಎಂದ ನನ್ನ ಮಗ. ಬೀದಿಗೆ ಕೇಳುವ ಹಾಗೆ.

ಸುಧಾ ಕಣ್ಣೊರೆಸಿಕೊಳ್ಳುತ್ತಾ ದಾರಿ ಬಿಟ್ಟಳು. ಅಕ್ಕಿಯ ಸೇರು ಒದ್ದು ಸೊಸೆ ಒಳಗೆ ಬಂದಳು. ನಾನು ಗುಬ್ಬಿಯ ದಿಕ್ಕಿಗೆ ತಿರುಗಿ ಕೈ ಮುಗಿದೆ. “ಸ್ವಾಮಿ, ನಿ... ನೀನು...” ಎನ್ನುವಷ್ಟರಲ್ಲಿ ಮಾತು ನನಗೂ ತೊದಲಿ ಅಲ್ಲೇ ನಿಂತಿತು. ಸ್ವಾಮಿಗೇನೂ ಅವಸರವಿಲ್ಲ, ಕಾಯುತ್ತಾನೆ.