ಹುಣಸೆ ಬೀಜದ ಅಂಟು

ಭಾಗ್ಯನಗರದಲ್ಲಿ ನಾನು ಕಲಿಸುವ ಶಾಲೆಗೆ ಪ್ರತಿ ಶನಿವಾರ ಕಿನ್ನಾಳದಿಂದ ಗೊಂಬೆ ಮಾಡುವವರೊಬ್ಬರು ಬರುತ್ತಿದ್ದರು. ಮಕ್ಕಳೊಂದಿಗೆ ಮಣ್ಣಲ್ಲೇ ಕೂತು ಗೊಂಬೆ ಮಾಡಿಸುತ್ತಿದ್ದರು. ನಗು ಬಂದರೆ ಎರಡೂ ಕೈಗಳನ್ನು ತಲೆಗೇ ಒರೆಸಿಕೊಳ್ಳುವುದು ಅವರ ಅಭ್ಯಾಸ. ಕೈ ತುಂಬ ಹುಣಸೆ ಬೀಜ ಕುದಿಸಿದ ಅಂಟು. ಹೀಗಾಗಿ ಮಧ್ಯಾಹ್ನದೊಳಗೆ ಅವರ ಕೂದಲು ಮುಳ್ಳುಹಂದಿಯಂತೆ ನಿಮಿರಿ ನಿಂತಿರುತ್ತಿತ್ತು. ಆನೆಗೆ ಐದನೆಯ ಕಾಲು ಬಂದರೂ, ಗಿಣಿಯ ಕೊಕ್ಕು ಬಾಲದ ಕಡೆ ಅಂಟಿದರೂ ಅವರದು ಒಂದೇ ಮಾತು: "ಛಲೋ ಆತು ಬಿಡ್ರಿ!"

ಒಂದು ಶನಿವಾರ ಸಂಜೆ ಪಾಲಕರು ಗೊಂಬೆ ನೋಡಲು ಬರುವವರಿದ್ದರು. ಎಲ್ಲಕ್ಕಿಂತ ದೊಡ್ಡದು ಐದನೆಯ ತರಗತಿಯ ಹುಡುಗಿಯೊಬ್ಬಳ ಹುಲಿ. ಗೋಣಿನಾರು, ಕಟ್ಟಿಗೆ ಹೊಟ್ಟು, ಅದೇ ಅಂಟು ಕಲಸಿ ಮೆತ್ತಿದ್ದಳು. ಬಣ್ಣ ಹಚ್ಚುವ ಮುಂಚೆ ಅದನ್ನು ಬಿಸಿಲಿಗಿಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಪಕ್ಕದ ಮನೆಯ ಆಡು ಹುಲಿಯ ಮುಖವನ್ನು ಪೂರ್ತಿ ತಿಂದು ಕುತ್ತಿಗೆಗೆ ಬಾಯಿ ಹಾಕಿತ್ತು.

ಹುಡುಗಿ ಅಳಲು ಬಾಯಿ ತೆರೆದಳು. ನಾವೆಲ್ಲ ಗೊಂಬೆ ಮಾಡುವವರ ಮುಖ ನೋಡಿದೆವು. ಈ ಸಲ ಅವರ ಬಾಯಿಂದ "ಛಲೋ ಆತು" ಮಾತ್ರ ಹೊರಡಲಿಲ್ಲ. ಆಡಿನೆದುರು ಕುಕ್ಕರಗಾಲಲ್ಲಿ ಕೂತು, ಅದು ಮೆಲ್ಲುವುದನ್ನೇ ನೋಡುತ್ತ ಹುಡುಗಿಗೆ ಹೇಳಿದರು: "ತಪ್ಪು ನಂದ ಐತಿ ಯವ್ವಾ. ಅಂಟು ಭಾಳ ರುಚಿ ಮಾಡಿಬಿಟ್ಟೇನಿ."

ಅಳಲು ತೆರೆದ ಬಾಯಲ್ಲೇ ಹುಡುಗಿ ನಕ್ಕುಬಿಟ್ಟಳು. "ಛಲೋ ಆತು ಬಿಡ್ರಿ! ಆಡು ಹುಲಿನ ತಿಂದೈತ್ರಿ!"

ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಅವರೂ ನಗುತ್ತ ಎರಡೂ ಕೈಗಳನ್ನು ತಲೆಗೆ ಒರೆಸಿಕೊಂಡರು.

ಆಡು ಹುಲಿಯನ್ನು ಬಿಟ್ಟು, ನಿಧಾನವಾಗಿ, ಅವರ ತಲೆಯತ್ತ ತಿರುಗಿತು.